ಹಂಪಣ್ಣನವರ ಡ್ರೋನ್ ಹುಲಿಗವ್ವನ ಹಿತ್ತಲಲ್ಲಿ ಬಿದ್ದದ್ದು

ಸಿದ್ದಾಪುರದ ಹಂಪಣ್ಣನವರು ಮೂವತ್ತೊಂದು ವರ್ಷ ಸರ್ಕಾರಿ ಬಸ್ ಓಡಿಸಿ ನಿವೃತ್ತರಾದವರು. ಬಹುಪಾಲು ಗಂಗಾವತಿ–ಕುಷ್ಟಗಿ ಮಾರ್ಗ. ಅಷ್ಟು ವರ್ಷದಲ್ಲಿ ಒಂದೂ ಅಪಘಾತ ಮಾಡಿದವರಲ್ಲ. ಮನೆಯಲ್ಲಿ ಕೂತು ನಾಲ್ಕು ತಿಂಗಳಾಗುವುದರಲ್ಲಿ ಅವರಿಗೆ ಹೊತ್ತೇ ಹೋಗದಂತಾಯಿತು. ಸಂಕ್ರಾಂತಿಗೆ ಮುಂಚೆ ಒಂದು ದಿನ ಹುಬ್ಬಳ್ಳಿಗೆ ಹೋಗಿ ಕ್ಯಾಮೆರಾ ಡ್ರೋನ್ ಕೊಂಡು ತಂದರು.

"ಈ ವಯಸ್ಸಿನ್ಯಾಗ ಆಟಗಿ ಸಾಮಾನ ಯಾಕ್ ಬೇಕಿತ್ರಿ?" ಎಂದು ಹೆಂಡತಿ ಕಳಕಮ್ಮ ಕೇಳಿದರು.

"ಜಿಂದಗಿ ಪೂರಾ ಮುಂದಿನ ರಸ್ತಾ ಅಷ್ಟ ನೋಡೀನಿ. ಈ ಗದ್ದಿ, ಕಾಲುವಿ ಎಲ್ಲಾ ಮ್ಯಾಲಿಂದ ಹೆಂಗ ಕಾಣ್ತಾವ, ಒಮ್ಮಿ ನೋಡಬೇಕು."

ಅದೇ ಓಣಿಯಲ್ಲಿ ಜೋಹರಾಬಿ ಇದ್ದಾಳೆ. ಮಹಿಳಾ ಸಂಘದ ದೊಡ್ಡ ಡ್ರೋನ್‌ನಿಂದ ಭತ್ತಕ್ಕೆ ಔಷಧಿ ಹೊಡೆಯುವುದು ಅವಳ ಕೆಲಸ. ಅದಕ್ಕಾಗಿ ತರಬೇತಿ ಪಡೆದು ಪ್ರಮಾಣಪತ್ರವನ್ನೂ ತಂದಿದ್ದಾಳೆ. ಹಂಪಣ್ಣನವರ ಕಟ್ಟೆಯ ಮೇಲೆ ಹೊಸ ಡಬ್ಬಿ ಕಂಡು ಅವಳು ನಿಂತಳು.

"ಛಲೋ ಆತು, ಕಾಕಾ. ರವಿವಾರ ನನಗ ಪುರಸತ್ತು ಐತಿ. ಊರ ಹೊರಗ ಹೋಗಿ ಕೂಡೇ ಹಾರಿಸೋಣು. ಅಲ್ಲೀಮಟ ಬಿಡಬ್ಯಾಡ್ರಿ."

ಹಂಪಣ್ಣನವರು ನಕ್ಕರು. "ಐವತ್ತೈದು ಮಂದಿ ಕುಂದ್ರಿಸಿಕೊಂಡು ಬಸ್ ಓಡಿಸಿದಾಂವಗ ಅಂಗೈಯಷ್ಟು ಸಾಮಾನ ಏನ್ ದೊಡ್ಡದವ್ವಾ?"

ಮರುದಿನ ಬೆಳಿಗ್ಗೆ ಅವರು ಮಾಳಿಗೆ ಹತ್ತಿ ಡ್ರೋನ್ ಬಿಟ್ಟರು. ಅದು ಸುಲಭವಾಗಿ ಮೇಲೇರಿತು, ವಿಡಿಯೋ ಶುರು ಮಾಡಿದರು. ಮೊಬೈಲ್ ಪರದೆಯಲ್ಲಿ ಕಾಲುವೆ ಬೆಳ್ಳಗೆ ಹೊಳೆಯಿತು. "ಏ ಕಳಕವ್ವಾ, ಬಾ ಇಲ್ಲೆ!" ಎಂದು ಕೂಗಿದರು. ತಮ್ಮ ಮನೆ ಹೇಗೆ ಕಾಣುತ್ತದೆ ನೋಡೋಣವೆಂದು ಡ್ರೋನ್ ಅನ್ನು ತಮ್ಮ ಕಡೆಗೆ ತಿರುಗಿಸಿ ಹತ್ತಿರ ತಂದರು. ಅಷ್ಟರಲ್ಲಿ ಗಾಳಿ ಬೀಸಿತು. ಡ್ರೋನ್ ಬಲಕ್ಕೆ ಸರಿದು ಪಕ್ಕದ ಮನೆಯ ಹುಲಿಗವ್ವನ ಹಿತ್ತಲ ಮೇಲೆ ಹೋಯಿತು.

ಹುಲಿಗವ್ವ ಅಲ್ಲಿ ಮೊಮ್ಮಗಳಿಗೆ ನೀರು ಎರೆಯುತ್ತಿದ್ದಳು. ತಲೆಯ ಮೇಲೆ ಗುಂಯ್ ಎನ್ನುವ ಸದ್ದು ಕೇಳಿ ಸೆರಗು ಎಳೆದುಕೊಂಡಳು. "ಯಾರ್ದದು? ಯಾರ್ ಬಿಟ್ಟಾರ ಇದನ್ನ?"

ಹಂಪಣ್ಣನವರು ಡ್ರೋನ್ ವಾಪಸು ತರಲು ರಿಮೋಟ್‌ನ ಕಡ್ಡಿಯನ್ನು ಎಡಕ್ಕೆ ಒತ್ತಿದರು. ಅದು ಇನ್ನೂ ಬಲಕ್ಕೇ ಹೋಯಿತು. ಮತ್ತಷ್ಟು ಒತ್ತಿದರು. ಗಾಬರಿಯಲ್ಲಿ ಕೆಳಗೂ ಇಳಿಸಿದರು. ಡ್ರೋನ್ ಬಟ್ಟೆ ಹಗ್ಗಕ್ಕೆ ತಾಗಿ ಬಿತ್ತು. ಹುಲಿಗವ್ವ ಕೂಸಿಗೆ ಅಡ್ಡ ಕೈ ಹಿಡಿದಳು. ತಿರುಗುತ್ತಿದ್ದ ರೆಕ್ಕೆ ಅವಳ ಮುಂಗೈ ಸೀಳಿತು.

ಕೂಸಿಗೆ ಏನೂ ಆಗಲಿಲ್ಲ. ಹುಲಿಗವ್ವನಿಗೆ ಆಸ್ಪತ್ರೆಯಲ್ಲಿ ನಾಲ್ಕು ಹೊಲಿಗೆ ಹಾಕಿದರು.

ಆಸ್ಪತ್ರೆಯಿಂದ ಬಂದವನೇ ಅವಳ ಮಗ ಸಿದ್ದೇಶ ಹಂಪಣ್ಣನವರ ಬಾಗಿಲಿಗೆ ಬಂದ. "ನಮ್ಮವ್ವ ಕೂಸಿಗೆ ಎರಿಯೋದನ್ನ ವಿಡಿಯೋ ಮಾಡ್ತೀರೇನ್ರಿ? ಪೊಲೀಸ್ರಿಗೆ ಹೇಳ್ತೀನಿ ನಾ." ಓಣಿಯವರೆಲ್ಲ ಕೂಡಿದರು. ಹಂಪಣ್ಣನವರು ತಲೆ ತಗ್ಗಿಸಿ ನಿಂತರು.

ಸಂಜೆ ಜೋಹರಾಬಿ ಬಂದಳು. "ನಾ ಹೇಳಿದ್ನಿಲ್ಲೋ" ಎನ್ನಲಿಲ್ಲ. "ಆ ಹೊತ್ತಿನ್ಯಾಗ ಡ್ರೋನ್ ಮಾರಿ ಯಾ ಕಡೆ ಇತ್ತು, ಕಾಕಾ?" ಎಂದಷ್ಟೇ ಕೇಳಿದಳು.

"ನನ್ನ ಕಡೆ ಇತ್ತು. ನಾ ಎಡಕ್ಕ ಒತ್ತೀನವ್ವಾ, ಖರೇನ ಎಡಕ್ಕ. ಅದು ಬಲಕ್ಕ ಹೋತು. ಮಷಿನ್ ಕೆಟ್ಟೈತಿ."

ಜೋಹರಾಬಿ ಅವರ ಎದುರಿಗೆ ಮುಖ ಮಾಡಿ ನಿಂತಳು. "ಈಗ ನನಗ ಎಡಕ್ಕ ಸರಿ ಅನ್ರಿ."

"ಎಡಕ್ಕ ಸರಿ."

ಅವಳು ತನ್ನ ಎಡಕ್ಕೆ ಒಂದು ಹೆಜ್ಜೆ ಇಟ್ಟಳು. ಅದು ಹಂಪಣ್ಣನವರ ಬಲಕ್ಕಾಯಿತು.

"ಬಸ್ಸಿನ್ಯಾಗ ನೀವು ಒಳಗ ಕುಂತಿರ್ತಿದ್ರಿ, ಕಾಕಾ. ಇಲ್ಲಿ ಹೊರಗ ನಿಂತೀರಿ. ಮಷಿನ್ ಕೆಟ್ಟಿಲ್ಲ. ಕಲೀಲಾರದ ಹಾರಿಸಿದ್ರಿ."

"ಹೌದವ್ವಾ," ಎಂದರು ಹಂಪಣ್ಣನವರು. "ಮೊದಲ ಹುಲಿಗವ್ವನ ಮನಿಗೆ ಹೋಗಬೇಕು. ನೀನೂ ಬಾ."

ಕಳಕಮ್ಮನೂ ಜೊತೆಗೆ ಹೋದರು. ಹಂಪಣ್ಣನವರು ಹುಲಿಗವ್ವನ ಎದುರಿಗೇ ಮೊಬೈಲ್ ತೆಗೆದು ಜೋಹರಾಬಿಯ ಕೈಗೆ ಕೊಟ್ಟರು. ಅವಳು ಮೊಬೈಲ್‌ನಲ್ಲಿದ್ದ ವಿಡಿಯೋ ಅಳಿಸಿದಳು. ಡ್ರೋನ್ ಒಳಗಿನ ಕಾರ್ಡಿನಲ್ಲಿದ್ದುದನ್ನೂ ಅಳಿಸಿ ಸಿದ್ದೇಶನಿಗೆ ತೋರಿಸಿದಳು.

"ತಪ್ಪಾತವ್ವಾ," ಎಂದರು ಹಂಪಣ್ಣನವರು.

"ಗಾಯ ಮಾಯ್ತೈತಿ, ಅಣ್ಣಾ. ಆದ್ರ ನನ್ನ ಹಿತ್ತಲದಾಗ ನಾನ ತಲಿ ಎತ್ತಿ ಎತ್ತಿ ನೋಡೋ ಹಂಗಾತಲ್ಲ, ಅದಕ್ಕೇನ್ ಮಾಡ್ತೀರಿ?" ಎಂದಳು ಹುಲಿಗವ್ವ.

ಹಂಪಣ್ಣನವರು "ಇನ್ನ ಊರ ಮ್ಯಾಲೆ ಹಾರಸೂದಿಲ್ಲ" ಎಂದಷ್ಟೇ ಹೇಳಿದರು. ಸಿದ್ದೇಶ ಪೊಲೀಸರಿಗೆ ಹೇಳಲಿಲ್ಲ. ಆದರೆ ಹಂಪಣ್ಣನವರ ಜೊತೆ ಮಾತನ್ನೂ ಆಡಲಿಲ್ಲ. ಹುಲಿಗವ್ವ ಕೈ ತೋಯಿಸುವಂತಿರಲಿಲ್ಲ. ಹೊಲಿಗೆ ಬಿಚ್ಚುವವರೆಗೆ ಕಳಕಮ್ಮ ದಿನಾ ಹೋಗಿ ನೀರು ತುಂಬಿ, ಬಟ್ಟೆ ಒಗೆದು ಬಂದರು.

ಡ್ರೋನ್ ರಿಪೇರಿಯಾಗಿ ಬಂದ ಮೇಲೆ ಕಲಿಕೆ ಶುರುವಾಯಿತು. ಮೊದಲ ದಿನ ಜೋಹರಾಬಿ ಅದನ್ನು ಹಾರಿಸಲು ಬಿಡಲೇ ಇಲ್ಲ. ಸರ್ಕಾರದ ಜಾಲತಾಣದಲ್ಲಿ ನೋಂದಣಿ ಮಾಡಿಸಿ, ಬಂದ ಸಂಖ್ಯೆಯನ್ನು ಡ್ರೋನ್ ಮೇಲೆ ಅಂಟಿಸಿದಳು. ಎಲ್ಲಿ ಹಾರಿಸಬಹುದು, ಎಲ್ಲಿ ಹಾರಿಸಬಾರದು ಎಂಬ ನಕ್ಷೆ ತೋರಿಸಿದಳು.

"ಹಸಿರು ಇದ್ದಲ್ಲಿ ಹಾರಿಸಬೌದು. ಅಲ್ಲೂ ನಾನೂರು ಅಡಿ ಎತ್ತರ ದಾಟಬಾರದು. ಹಳದಿ ಇದ್ದಲ್ಲಿ ಪರವಾನಗಿ ಬೇಕು. ಕೆಂಪು ಇದ್ದಲ್ಲಿ ಸರ್ಕಾರದ ಅನುಮತಿ ಸಿಗೂತನಕ ಡಬ್ಬಿ ಸೈತ ಬಿಚ್ಚಬ್ಯಾಡ್ರಿ. ನಕ್ಷೆ ಬದಲಾಗ್ತಿರ್ತೈತಿ, ಪ್ರತಿ ಸಲ ನೋಡ್ರಿ."

ಮರುದಿನ ಊರಾಚೆಯ ಕೊಯ್ಲಾದ ಹೊಲಕ್ಕೆ ಹೋದರು. ಅಲ್ಲಿ ಕರೆಂಟ್ ತಂತಿಯಿರಲಿಲ್ಲ, ಜನರಿರಲಿಲ್ಲ. ರೆಕ್ಕೆ ಯಾರಿಗೂ ತಾಗದಂತೆ ಸುತ್ತಲೂ ಪ್ಲಾಸ್ಟಿಕ್ ಕಾಪು ಹಾಕಿದರು. ಮೂರು ಸಂಜೆ ಬರೀ ಒಂದಾಳೆತ್ತರದಲ್ಲಿ ನಿಲ್ಲಿಸುವುದು, ಇಳಿಸುವುದು. ಡ್ರೋನ್ ಬೆನ್ನು ಸದಾ ಅವರ ಕಡೆಗೇ ಇರಬೇಕು.

"ಇದೇನವ್ವಾ, ಒಂದ್ನೇ ಕ್ಲಾಸ್ ಹುಡುಗರಿಗೆ ಅಕ್ಷರ ತಿದ್ದಿಸಿದಂಗ ತಿದ್ದಿಸಾಕತ್ತಿ!"

"ಕೈಗೆ ರೂಢಿ ಆಗ್ಲಿ, ಕಾಕಾ. ಗಾಬರಿ ಆದಾಗ ತಲಿ ಓಡೂದಿಲ್ಲ, ಕೈ ಓಡ್ತೈತಿ."

ನಾಲ್ಕನೆಯ ಸಂಜೆಯಿಂದ ಮುಖ ತಿರುಗಿಸಿ ಹಾರಿಸುವುದು ಶುರುವಾಯಿತು. ಮೊದಮೊದಲು ಪ್ರತಿ ಸಲ ತಪ್ಪಿತು. ದಿಕ್ಕು ತಪ್ಪಿದರೆ ಕಡ್ಡಿಗಳನ್ನು ಬಿಟ್ಟುಬಿಡಬೇಕು, ಆಗ ಡ್ರೋನ್ ತಾನೇ ಇದ್ದಲ್ಲಿ ನಿಲ್ಲುತ್ತದೆ ಎಂಬುದನ್ನು ಆಗ ಕಲಿತರು. ಸಂಪರ್ಕ ತಪ್ಪಿದರೆ ಅದು ತಾನೇ ಮರಳಿ ಬರುವ ಎತ್ತರವನ್ನು ಹತ್ತಿರದ ಅತಿ ಎತ್ತರದ ಮರಕ್ಕಿಂತ ಹೆಚ್ಚಿಟ್ಟರು. ಬ್ಯಾಟರಿ ಶೇಕಡಾ ಮೂವತ್ತಕ್ಕೆ ಇಳಿಯುವ ಮುಂಚೆ ವಾಪಸು ತರುವುದು, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇಟ್ಟುಕೊಳ್ಳುವುದು ನಿತ್ಯದ ಪಾಠವಾಯಿತು.

ಒಂದೂವರೆ ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಹುಲಿಗವ್ವ ತಾನಾಗಿ ಬಂದಳು. ಅವಳ ಗದ್ದೆಯ ಒಂದು ಮೂಲೆಗೆ ನೀರು ಮುಟ್ಟುತ್ತಿರಲಿಲ್ಲ, ಸಸಿ ಹಳದಿಯಾಗುತ್ತಿತ್ತು.

"ಅಣ್ಣಾ, ಮ್ಯಾಲಿಂದ ನೋಡಿದ್ರ ನೀರ ಎಲ್ಲಿ ತಪ್ಪಿ ಹೊಂಟೈತಿ ಕಾಣ್ತೈತೇನು?"

ಹಂಪಣ್ಣನವರು ಕೂಡಲೇ ನಕ್ಷೆ ನೋಡಿ ಚೀಲ ಹೆಗಲಿಗೇರಿಸಿದರು. ಗದ್ದೆಯ ಬದುವಿನ ಮೇಲೆ ನಿಂತು ಸುತ್ತ ಕಣ್ಣಾಡಿಸಿದರು. ತೆಂಗಿನ ಗರಿಗಳು ಜೋರಾಗಿ ಹೊಯ್ದಾಡುತ್ತಿದ್ದವು. ಮಗ್ಗುಲ ಗದ್ದೆಯಲ್ಲಿ ಹೆಂಗಸರು ಕಳೆ ಕೀಳುತ್ತಿದ್ದರು. ಅವರು ಚೀಲ ಬಿಚ್ಚಲಿಲ್ಲ.

"ಇವತ್ತ ಬ್ಯಾಡವ್ವಾ. ಗಾಳಿ ಜೋರೈತಿ, ಮಂದೀನೂ ಅದಾರ. ನಾಳಿ ಮುಂಜಾನೆ, ಇವರು ಬರೋಕಿಂತ ಮೊದ್ಲ ನೋಡೋಣು. ಆಗ್ಲೂ ಗಾಳಿ ಇದ್ರ ನಾಡದು."

ಬಿಸಿಲಲ್ಲಿ ಅಷ್ಟು ದೂರ ನಡೆದು ಬಂದಿದ್ದ ಹುಲಿಗವ್ವ ಅವರ ಮುಖವನ್ನೇ ನೋಡಿದಳು.

"ಆಗ್ಲಿ, ಅಣ್ಣಾ. ನಾಳಿ ಸಿದ್ದೇಶನ್ನೂ ಕರಕೊಂಡು ಬರ್ತೀನಿ," ಎಂದಳು.

ಮರುದಿನ ಗಾಳಿ ಇರಲಿಲ್ಲ. ಏಳು ನಿಮಿಷ ಹಾರಿಸಿದರು. ಬದುವಿನ ಬುಡದಲ್ಲಿ ಇಲಿ ಬಿಲ ಮಾಡಿದ್ದ ಕಡೆ ನೀರು ಮಗ್ಗುಲ ಗದ್ದೆಗೆ ಸೋರುತ್ತಿದ್ದುದು ಪರದೆಯಲ್ಲಿ ಕಂಡಿತು. ಸಿದ್ದೇಶ ಪರದೆ ನೋಡಿ, "ಇನ್ನೊಂದೀಟು ಆಚಿಗೆ ತೋರ್ಸ್ರಿ, ಕಾಕಾ," ಎಂದ. ಜನವರಿಯಿಂದ ಈಚೆಗೆ ಅವನು ಹಂಪಣ್ಣನವರ ಜೊತೆ ಆಡಿದ ಮೊದಲ ಮಾತು ಅದು. ಆಮೇಲೆ ಸಲಿಕೆ ತೆಗೆದುಕೊಂಡು ಗದ್ದೆಗೆ ಇಳಿದ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಗೂ ಡ್ರೋನ್ ಬಂದಿದ್ದರೆ ಡಬ್ಬಿ ಬಿಚ್ಚುವ ಮುಂಚೆ ನೋಂದಣಿ ಮಾಡಿಸಿ. ಬಲ್ಲವರನ್ನು ಕರೆದು, ಬಯಲಿಗೆ ಹೋಗಿ ಕಲಿಯಿರಿ. ಜನರ ತಲೆಯ ಮೇಲೆ ಹಾರಿಸಬೇಡಿ. ಇನ್ನೊಬ್ಬರ ಮನೆ, ಹಿತ್ತಲು, ಹೊಲ ನೋಡುವ ಆಸೆಯಾದರೆ ಮೊದಲು ಅವರ ಬಾಗಿಲಿಗೆ ಹೋಗಿ ಕೇಳಿ. ಅವರು ಬೇಡ ಎಂದರೆ ಬೇಡ. ಗಾಳಿಯ ಮೇಲೆ ಅನುಮಾನ ಬಂದರೆ ಆ ದಿನ ಡ್ರೋನ್ ಚೀಲದಲ್ಲೇ ಇರಲಿ. ನಾಳೆ ಹಾರಿಸಿದರಾಯಿತು.