ಖಾಲಿ ಬಿಟ್ಟ ಜಾಗ

"ಇದು ನಿನ್ನ ಕೈಕೆಲಸ ತಾನೆ?"

ಅಮ್ಮ ಕಾಗದ ಬಿಡಿಸಿ ಮಗಳ ಮುಖಕ್ಕೆ ಹಿಡಿದಳು. ನಾಲ್ಕು ಮೂಲೆಗಳಲ್ಲೂ ಹಸಿ ಅಂಟು. ಕಂಬದಿಂದ ಈಗಷ್ಟೇ ಕಿತ್ತು ತಂದದ್ದು.

ಭೂಗೋಳ ವಿಭಾಗದ ಮೊದಲ ಮಹಡಿಯ ಕಾರಿಡಾರು. ಒಳಗೆ ಕುರ್ಚಿ ಎಳೆಯುವ ಸದ್ದು. ಹನ್ನೊಂದಕ್ಕೆ ಮೌಖಿಕ ಪರೀಕ್ಷೆ, ಇನ್ನು ಹದಿನೈದೇ ನಿಮಿಷ. ಸಾಂಸ್ಕೃತಿಕ ಭೂಗೋಳದಲ್ಲಿ ಐದು ವರ್ಷ ಸವೆಸಿದ್ದಕ್ಕೆ ಒಂದು ಗಂಟೆಯ ಪ್ರಶ್ನೆ, ಆಮೇಲೆ ಡಾಕ್ಟರೇಟ್.

ಮಗಳು ನೋಟಿಸು ಓದಿದಳು. ಗೂಡ್ಸ್ ಶೆಡ್ಡಿನ ಹಿಂದಿನ ಜಾಗ ಹೊಸ ಗೋದಾಮಿಗೆ. ತಕರಾರಿದ್ದರೆ ಇವತ್ತು ಮಧ್ಯಾಹ್ನ ಮೂರರೊಳಗೆ ಆಧಾರ ಸಮೇತ ನಗರಾಡಳಿತದ ಕಚೇರಿಗೆ ಸಲ್ಲಿಸತಕ್ಕದ್ದು. ತಾರೀಖು ಹೋದ ತಿಂಗಳದ್ದು, ಅಂಟಿಸಿದ್ದು ಈ ಬೆಳಗ್ಗೆ. ಕೆಳಗೊಂದು ನಕ್ಷೆ. ಅದರ ಅಡಿಯಲ್ಲಿ ಒಂದು ಸಾಲು: ವಿಶ್ವವಿದ್ಯಾಲಯದ ಅಧ್ಯಯನದಂತೆ ಇಲ್ಲಿ ವಾಸದ ಕಟ್ಟಡಗಳಿಲ್ಲ.

"ನನ್ನದು ಅಂತ ಹೇಗೆ ಗೊತ್ತಾಯ್ತು ನಿಂಗೆ?" ಅಮ್ಮನಿಗೆ ಓದಲು ಬಾರದು.

"ನೋಟಿಸು ನಮ್ಮ ಓಣಿ ಕನ್ನಡಕದೋನು ಓದಿ ಹೇಳಿದ. ಚಿತ್ರಕ್ಕೆ ಕನ್ನಡಕ ಯಾಕೆ? ನಲ್ಲಿಗೆ ಹಕ್ಕಿ ಥರ ಕೊಕ್ಕು ಬಿಡಿಸೋಳು ಈ ಊರಲ್ಲಿ ನೀನೊಬ್ಳೇ. ಎರಡನೇ ಕ್ಲಾಸಿಂದ ಅದೇ ಕೊಕ್ಕು." ಅವಳ ಬೆರಳು ಕಾಗದದ ಮೇಲೆ ಸರಿಯಿತು. ಇಪ್ಪತ್ತು ವರ್ಷ ಗುಜರಿಯಲ್ಲಿ ರದ್ದಿ ವಿಂಗಡಿಸಿದ ಬೆರಳು. "ಕಾಗದ ಮಾತ್ರ ನಿನ್ನ ಪುಸ್ತಕಕ್ಕಿಂತ ದಪ್ಪ ಹಾಕಿದಾರೆ. ನಲ್ಲಿ ಇದೆ. ಮರ ಇದೆ. ನಾನು ದಿನಾ ಓಡಾಡೋ ದಾರಿ ಇದೆ. ನಾವೆಲ್ಲಿ ಹೋದ್ವೆ?"

ಮಗಳ ಬಳಿ ಉತ್ತರವಿತ್ತು.

ಗೂಡ್ಸ್ ಶೆಡ್ಡಿನ ಹಿಂದಿನ, ತಾನು ಹುಟ್ಟಿದ ಓಣಿಯನ್ನೇ ಅವಳು ಅಧ್ಯಯನಕ್ಕೆ ಆರಿಸಿಕೊಂಡಿದ್ದಳು: ಜನ ಎಲ್ಲಿ ನಡೆಯುತ್ತಾರೆ, ಯಾವ ತಿರುವಿಗೆ ಏನೆಂದು ಹೆಸರಿಡುತ್ತಾರೆ, ಎಲ್ಲಿ ನಿಂತು ಮಾತಾಡುತ್ತಾರೆ. ಮೊದಲ ವಾರವೇ ಓಣಿಯವರು ಹೇಳಿದ್ದರು, "ಏನು ಬೇಕಾದ್ರೂ ಬರ್ಕೋ, ಮನೆ ಗುರುತು ಮಾತ್ರ ಹಾಕ್ಬೇಡ. ಗುರುತು ಹಾಕ್ಕೊಂಡು ಹೋದೋರು ಬುಲ್ಡೋಜರ್ ಜೊತೆ ವಾಪಸ್ ಬಂದಿದಾರೆ." ವಿಭಾಗದ ನಿಯಮವೂ ಅದೇ: ಮಾಹಿತಿ ಕೊಟ್ಟವರ ಗುರುತು ಬಿಟ್ಟುಕೊಡಬಾರದು. ನಕ್ಷೆಯಲ್ಲಿ ಅವಳು ದಾರಿಗಳನ್ನು ಎಳೆದು ನಲವತ್ತಮೂರು ಮನೆಗಳನ್ನು ಬಿಟ್ಟಳು. ಮನೆಗಳಿದ್ದ ನೋಟ್‌ಬುಕ್ಕನ್ನು ಪ್ರಬಂಧ ಸಲ್ಲಿಸಿದ ದಿನ ವಿಭಾಗದ ಹಿತ್ತಲಲ್ಲಿ ಸುಟ್ಟು, ಸುಟ್ಟಿದ್ದೇನೆಂದು ಫಾರಂಗೆ ಸಹಿ ಹಾಕಿದಳು. ಸಾಕ್ಷಿ ಸಹಿ ಮಾರ್ಗದರ್ಶಕರದು.

ಅದೇ ಮಾರ್ಗದರ್ಶಕರು ಈಗ ಬಾಗಿಲಿಗೆ ಬಂದರು. "ತಯಾರೇನಮ್ಮಾ? ಹೊರಗಿನ ಪರೀಕ್ಷಕರು ಬಂದಾಯ್ತು." ನೋಟಿಸು ಕಂಡಿತು. ಮುಖದಲ್ಲಿ ಏನೋ ಕದಲಿತು.

"ಇದು ಅವರ ಕೈಗೆ ಹೇಗೆ ಹೋಯ್ತು ಸರ್?"

"ನಗರಾಡಳಿತದ ಜೊತೆ ನಮ್ಮ ವಿಭಾಗದ ಒಪ್ಪಂದ ಇದೆ, ನಿನ್ನ ಅಧ್ಯಯನದ ವರದಿ ಕೇಳಿದ್ರು, ಕೊಟ್ಟೆ. ನಾನು ಕೊಟ್ಟಿದ್ದು ವರದಿ, ನೋಟಿಸ್ ಅಲ್ಲ." ದನಿ ತಗ್ಗಿಸಿದರು. "ಮೊದಲು ಪರೀಕ್ಷೆ ಮುಗಿಸು. ಆಮೇಲೆ ನೋಡೋಣ."

"ಆಮೇಲೆ ಅಂದ್ರೆ ಮೂರು ಗಂಟೆ ಆದ್ಮೇಲಾ ಸಾರ್?" ಅಮ್ಮ ಕೇಳಿದಳು.

ಅವರು ಬಾಗಿಲು ತೆರೆದು ಹಿಡಿದರು, ಮಗಳಿಗೆ ಮಾತ್ರ. ಬಾಗಿಲ ಮೇಲೆ 'ಸಾರ್ವಜನಿಕರಿಗೆ ಪ್ರವೇಶವಿದೆ' ಎಂಬ ಚೀಟಿಯಿತ್ತು. ಅಮ್ಮ ಹಿಂದೆಯೇ ನುಗ್ಗಿ ಕೊನೆಯ ಬೆಂಚಿನಲ್ಲಿ ಕುಳಿತಳು.

ಹಲಗೆಯ ಮೇಲೆ ಪಿನ್ನು ಚುಚ್ಚಿದ ದೊಡ್ಡ ನಕ್ಷೆ. ಹೊರಗಿನ ಪರೀಕ್ಷಕರು ನೆರೆಗೂದಲ ಹೆಂಗಸು. ಪುಟ ತಿರುವಲಿಲ್ಲ, ನಕ್ಷೆಯನ್ನೇ ನೋಡುತ್ತಿದ್ದರು.

"ಹದಿನೇಳು ದಾರಿ ಎಣಿಸಿದೆ," ಎಂದರು. "ಎಲ್ಲವೂ ಒಂದು ಖಾಲಿ ಜಾಗಕ್ಕೆ ಬಂದು ನಿಲ್ತವೆ. ಏನೂ ಇಲ್ಲದ ಕಡೆಗೆ ಜನ ಯಾಕೆ ನಡೀತಾರೆ?"

ಉತ್ತರ ಬಾಯಿಪಾಠವಾಗಿತ್ತು: ಗೌಪ್ಯತೆ, ಸಂಶೋಧನೆಯ ನೀತಿ, ಮೂರನೇ ಅಧ್ಯಾಯ. ಮಾರ್ಗದರ್ಶಕರು ತಲೆಯಾಡಿಸಿ ಧೈರ್ಯ ಕೊಟ್ಟರು. ಗಡಿಯಾರದಲ್ಲಿ ಹನ್ನೊಂದು ಹತ್ತು.

"ಅಲ್ಲಿ ಮನೆ ಇವೆ ಮೇಡಂ," ಎಂದಳು ಮಗಳು. "ನಾನು ಹಾಕಲಿಲ್ಲ." ನೋಟಿಸನ್ನು ಮೇಜಿನ ಮೇಲಿಟ್ಟಳು. "ಇವರು ಅದನ್ನೇ ಹಿಡಿದು ನಾವಿಲ್ಲ ಅಂದ್ರು. ನಾನು ಈಗ ಹಾಕ್ತೀನಿ."

"ಕೂತ್ಕೋ," ಮಾರ್ಗದರ್ಶಕರು ಎದ್ದೇಬಿಟ್ಟರು. "ಸಲ್ಲಿಸಿದ ನಕ್ಷೆ ತಿದ್ದಿದ್ರೆ ಏನಾಗುತ್ತೆ ಗೊತ್ತಾ? ಪ್ರಬಂಧ ತಪ್ಪು ಅಂತ ನೀನೇ ಒಪ್ಪಿದ ಹಾಗೆ. ವಾಪಸ್ ಹೋಗುತ್ತೆ. ಇನ್ನೆರಡು ವರ್ಷ. ಬರೋ ತಿಂಗಳು ಸೇರಬೇಕಾದ ಕೆಲಸವೂ ಹೋಗುತ್ತೆ."

"ಗೊತ್ತು ಸರ್."

"ಹೋಗಲಿ, ಆ ಜನಕ್ಕೆ ಮಾತು ಕೊಟ್ಟಿದ್ದೀಯಲ್ಲ? ಮನೆ ತೋರಿಸಲ್ಲ ಅಂತ? ಅವರ ನಂಬಿಕೆ ಮುರೀತೀಯಾ?"

ಶಾಯಿ ಬುಡ್ಡಿಗೆಂದು ಬ್ಯಾಗಿಗೆ ಹಾಕಿದ್ದ ಕೈ ಅಲ್ಲೇ ನಿಂತಿತು. ಅವರು ಸರಿಯಾದ ಜಾಗಕ್ಕೇ ಹೊಡೆದಿದ್ದರು. ವರದಿಯನ್ನು ಕವರಿಗೆ ಹಾಕಿ ಕಳಿಸಿದ ದಿನ ಅವರಿಗೆ ನೆನಪಾಗದ ನೀತಿ ಈಗ ನೆಟ್ಟಗೆ ಎದ್ದು ನಿಂತಿತ್ತು.

"ಸಾರ್," ಹಿಂದಿನ ಬೆಂಚಿನಿಂದ ಅಮ್ಮ. "ಅವತ್ತು ತೋರಿಸ್ಬೇಡ ಅಂದಿದ್ದು ನಾವು. ಇವತ್ತು ತೋರಿಸು ಅಂತ ಹೇಳಿ ಕಳಿಸಿರೋದೂ ನಾವೇ. ಬೆಳಗ್ಗೆ ನಲ್ಲಿ ಹತ್ರ ಎಲ್ಲಾರೂ ನಿಂತು ಮಾತಾಡಿದೀವಿ. ಮಧ್ಯ ನೀವ್ಯಾಕೆ ಕಾವಲು?"

ಮಗಳು ಶಾಯಿ ಬುಡ್ಡಿಯ ಮುಚ್ಚಳ ತಿರುಗಿಸಿದಳು. ಇದೇ ವಿಭಾಗದಲ್ಲಿ ಕಲಿತ ಕೆಲಸ: ದಪ್ಪ ನಿಬ್ಬು, ಕಪ್ಪು ಶಾಯಿ, ನುಣುಪು ಹಾಳೆ. ಒಣಗಲು ಅರ್ಧ ದಿನ ಬೇಕು. ಮೊದಲ ಚೌಕದ ಗೋಡೆ ಸೊಟ್ಟಗಾಯಿತು.

"ಸೊಟ್ಟಗೇ ಇರೋದು ಅದು. ಕೆಮ್ಮೋ ತಾತಂದು," ಎಂದಳು ಅಮ್ಮ. ಬೆಂಚು ಬಿಟ್ಟು ಹಲಗೆಯ ಬಳಿಗೆ ಬಂದಿದ್ದಳು. "ಅದರ ಪಕ್ಕ ಕನ್ನಡಕದೋಂದು. ಹಿಂದೆ ಅಕ್ಕತಂಗೀರ್ದು. ಎರಡು ಬಾಗಿಲು ಹಾಕು, ಒಂದೇ ಹಾಕಿದ್ರೆ ನನ್ನ ಸುಮ್ನೆ ಬಿಡಲ್ಲ ಅವರು. ಅಲ್ಲಲ್ಲ, ಇನ್ನೂ ಒತ್ತಿ. ಅಲ್ಲಿ ಕೈ ಬೀಸೋಕೂ ಜಾಗ ಇಲ್ಲ."

ಸುಟ್ಟ ನೋಟ್‌ಬುಕ್ಕಿನ ಒಂದೊಂದು ಪುಟವೂ ಅಮ್ಮನ ನಾಲಿಗೆಯ ಮೇಲಿತ್ತು. ಹತ್ತು, ಹದಿನೆಂಟು, ಇಪ್ಪತ್ತೊಂಬತ್ತು. ಹದಿನೇಳು ದಾರಿಗಳೂ ಒಂದೊಂದು ಹೊಸ್ತಿಲಿಗೆ ಮುಟ್ಟಿದವು. ಮಾರ್ಗದರ್ಶಕರು ಕಿಟಕಿಯತ್ತ ಮುಖ ಮಾಡಿ ನಿಂತಿದ್ದರು.

"ಇದಕ್ಕೆಲ್ಲ ಆಧಾರ?" ಪರೀಕ್ಷಕರು ಕೇಳಿದರು. ಕೊಂಕಿರಲಿಲ್ಲ. ಕೇಳಲೇಬೇಕಾದ ಪ್ರಶ್ನೆ.

"ಹೋಗಿ ಬಾಗಿಲು ತಟ್ಟಿ ನೋಡಿ ತಾಯಿ. ತೆಗೀತಾರೆ."

ಹನ್ನೆರಡೂ ಮುಕ್ಕಾಲಿಗೆ ನಲವತ್ತೆರಡಾದವು. ಮಗಳು ಹೇಳಿಸಿಕೊಳ್ಳದೆಯೇ ನಲ್ಲಿಯ ಕೊಕ್ಕಿನ ಎದುರಿಗೆ ಕೊನೆಯದನ್ನು, ತಮ್ಮ ಮನೆಯನ್ನು, ಬರೆದಳು.

ಪರೀಕ್ಷಕರು ಫಲಿತಾಂಶದ ಹಾಳೆ ಎಳೆದುಕೊಂಡರು. 'ಹಿಂದಿರುಗಿಸಲಾಗಿದೆ' ಎಂಬುದರ ಮುಂದೆ ಗುರುತು ಹಾಕಿ, ಅದನ್ನು ಮಗಳಿಗೆ ಕಾಣುವಂತೆ ತಿರುಗಿಸಿಟ್ಟರು. "ನಿಯಮದ ಪ್ರಕಾರ ನನಗೆ ಬೇರೆ ದಾರಿ ಇಲ್ಲ." ನಂತರ ಎದ್ದು ಹಲಗೆಗೆ ಹೋದರು. ನಕ್ಷೆಯ ಮೂಲೆಯಲ್ಲಿ 'ಪರೀಕ್ಷೆಯಲ್ಲಿ, ನನ್ನ ಕಣ್ಣೆದುರು, ಸಂಶೋಧಕಿಯೇ ತಿದ್ದಿದ್ದು' ಎಂದು ಬರೆದು, ಹೆಸರು, ಹುದ್ದೆ, ಸಮಯ ಹಾಕಿ ಸಹಿ ಮಾಡಿದರು.

"ಸರ್, ವಿಭಾಗದ ಮುದ್ರೆ," ಎಂದಳು ಮಗಳು.

ಮಾರ್ಗದರ್ಶಕರು ಮುದ್ರೆಯಿದ್ದ ಮೇಜಿನ ಡ್ರಾಯರಿಗೆ ಬೀಗ ಹಾಕಿ ಕೀಲಿಯನ್ನು ಜೇಬಿಗಿಟ್ಟರು. ಯಾರ ಮುಖವನ್ನೂ ನೋಡದೆ ಹೊರಗೆ ಹೋದರು.

ಮಗಳು ಪಿನ್ನು ಕಿತ್ತು ಹಾಳೆಯನ್ನು ಸುತ್ತಲು ಹೊರಟಳು. ಅಮ್ಮ ಅವಳ ಮಣಿಕಟ್ಟು ಹಿಡಿದಳು. "ಸುತ್ತಬೇಡ್ವೆ, ಹಸಿ ಇದೆ. ಎಲ್ಲಾ ಒಂದಕ್ಕೊಂದು ಅಂಟ್ಕೊಂಡು ಹೋಗುತ್ತೆ."

ಅಷ್ಟಗಲದ ಹಾಳೆಯನ್ನು ಬಸ್ಸಿಗೆ ಹತ್ತಿಸಲು ಕಂಡಕ್ಟರ್ ಒಪ್ಪಲಿಲ್ಲ. ಆಟೋದೊಳಗೆ ಅದು ಹಿಡಿಸಲಿಲ್ಲ. ಇಬ್ಬರೂ ನಗರಾಡಳಿತದ ಕಚೇರಿಯತ್ತ ನಡೆಯತೊಡಗಿದರು. ಮುಂದಿನ ಎರಡು ಮೂಲೆ ಅಮ್ಮನ ಕೈಯಲ್ಲಿ, ಹಿಂದಿನ ಎರಡು ಮಗಳ ಕೈಯಲ್ಲಿ, ನಡುವೆ ಬಿಸಿಲಿಗೆ ಮುಖ ಮಾಡಿ ನಲವತ್ತಮೂರು ಮನೆ. ಫುಟ್‌ಪಾತು ಸಾಲದೆ ರಸ್ತೆಗಿಳಿದರು. ಹಿಂದೆ ಬಂದ ಲಾರಿ ಎರಡು ಸಲ ಹಾರ್ನ್ ಹೊಡೆದು, ಆಮೇಲೆ ಅವರ ನಡಿಗೆಯ ವೇಗಕ್ಕೇ ಇಳಿಯಿತು.

"ಗಾಳಿ ಬರ್ತಿದೆ," ಎಂದಳು ಅಮ್ಮ ತಿರುಗಿ ನೋಡದೆ. "ಬಿಗಿಯಾಗಿ ಹಿಡ್ಕೋ."