ಮಣೆ ಮೇಲಿನ ಬೀಗರು

ಚಿಕ್ಕಮಾದಮ್ಮ ಐದು ಮಕ್ಕಳನ್ನು ಹೆತ್ತು ಸಾಕಿದವಳು. ಆ ಸಂಗತಿಯನ್ನು ಕೊತ್ತತ್ತಿಯಲ್ಲಿ ಒಬ್ಬೊಬ್ಬರಿಗೂ ಹತ್ತತ್ತು ಸಲ ಹೇಳಿದವಳು ಕೂಡ. ಅಂಥವಳಿಗೆ ಅರವತ್ತೈದು ತುಂಬಿದ ಮೇಲೆ ಒಂದು ಮಗು ನೋಡಿಕೊಳ್ಳಲು ಬರುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಲು ಮಂಡ್ಯದಿಂದ ನರ್ಸಮ್ಮ ಬರುತ್ತಾಳಂತೆ. ಕಾಲ ಎಲ್ಲಿಗೆ ಬಂತು ನೋಡಿ.

ಶನಿವಾರ ಪರೀಕ್ಷೆ. ಪಾಸಾದರೆ ಸೊಸೆ ವೀಣ ಸೋಮವಾರದಿಂದ ವಿ.ಸಿ. ಫಾರಂಗೆ, ಮಣ್ಣು ಪರೀಕ್ಷೆ ಮಾಡುವ ತನ್ನ ಕೆಲಸಕ್ಕೆ ವಾಪಸು ಹೋಗುತ್ತಾಳೆ. ಫೇಲಾದರೆ ಕೆಲಸ ಬಿಡುತ್ತಾಳೆ. ಅವಳ ರಜೆಯೆಲ್ಲ ಮುಗಿದಿತ್ತು. ಕೆಲಸ ಬಿಡುವ ಕಾಗದವನ್ನು ಆಗಲೇ ಬರೆದು ಬ್ಯಾಗಿನಲ್ಲಿಟ್ಟುಕೊಂಡಿದ್ದಳು. ಅದನ್ನು ಚಿಕ್ಕಮಾದಮ್ಮ ಕಣ್ಣಾರೆ ಕಂಡಿದ್ದಳು. ಓದಲು ಬಾರದಿದ್ದರೂ ಸೊಸೆಯ ಮುಖ ನೋಡಿ ಯಾವ ಕಾಗದವೆಂದು ತಿಳಿದುಕೊಂಡಿದ್ದಳು. ಓದಿದ ಹುಡುಗಿ ಅತ್ತೆಯ ಕೈಯ ಮೇಲೆ ನಂಬಿಕೆ ಇಲ್ಲದೆ ಮನೆಯಲ್ಲಿ ಕೂರುವುದು ಅವಳಿಗೆ ನುಂಗಲಾರದ ತುತ್ತಾಗಿತ್ತು.

ಮಗು ಎಂದರೆ ಶೋಭಿತಾ, ಆರು ವರ್ಷದ ಮೊಮ್ಮಗಳು. ಹುಟ್ಟಿದಾಗಿನಿಂದ ಉಸಿರಿನ ದಾರಿ ಕಿರಿದು. ಬೇಸಿಗೆಯಲ್ಲಿ ಡಾಕ್ಟರು ಕುತ್ತಿಗೆಯಲ್ಲಿ ಸಣ್ಣ ತೂತು ಮಾಡಿ, ಅಲ್ಲೊಂದು ಪುಟ್ಟ ನಳಿಕೆ ಕೂರಿಸಿದ್ದರು. ಈಗ ಉಸಿರೆಲ್ಲ ಅಲ್ಲಿಂದಲೇ. ಗಾಳಿ ಮೂಗಿನ ಮೂಲಕ ಹಾಯುವುದೇ ಇಲ್ಲವಾದ್ದರಿಂದ ಅದನ್ನು ಬೆಚ್ಚಗೆ ಮಾಡಿ, ತೇವ ಮಾಡಿ ಒಳಕ್ಕೆ ಬಿಡುವವರು ಯಾರೂ ಇಲ್ಲ. ಒಣಗಾಳಿ ಹೋದರೆ ಕಫ ಗಟ್ಟಿಯಾಗಿ ನಳಿಕೆ ಕಟ್ಟಿಕೊಳ್ಳುತ್ತದೆ. ಅದಕ್ಕೇ ಒಂದು ಯಂತ್ರ ಬಂತು. ತನ್ನ ಪಾತ್ರೆಯ ನೀರನ್ನು ಕಾಯಿಸಿ, ಹಬೆಯಾಡುವ ಗಾಳಿಯನ್ನು ಉದ್ದನೆಯ ಪೈಪಿನಲ್ಲಿ ಮಗುವಿನ ಕುತ್ತಿಗೆಯ ಮಾಸ್ಕಿಗೆ ಊದುತ್ತಿತ್ತು.

"ಮೂಗಿನ ಕೆಲ್ಸಕ್ಕೆ ಇಷ್ಟು ದೊಡ್ಡ ಮಿಸೀನಾ? ಮೂಗಿಗಿಂತ ಮೂಗ್ತಿ ಭಾರ ಆಯ್ತಲ್ಲ," ಅಂದಿದ್ದಳು ಚಿಕ್ಕಮಾದಮ್ಮ ಮೊದಲ ದಿನ.

ಎರಡನೆಯ ದಿನ ಅದಕ್ಕೆ ಬೀಗರು ಎಂದು ಹೆಸರಿಟ್ಟಳು. ಗುಣವೆಲ್ಲ ಬೀಗರದ್ದೇ. ಸ್ವಲ್ಪ ಹೆಚ್ಚುಕಮ್ಮಿಯಾದರೂ ಕೂಗೆಬ್ಬಿಸುತ್ತದೆ. ಮನೆಯ ನೀರು ಮುಟ್ಟುವುದಿಲ್ಲ, ಆಸ್ಪತ್ರೆಯವರು ಹೇಳಿದ ಬಾಟ್ಲಿ ನೀರೇ ಆಗಬೇಕು, ಅದೂ ಗೆರೆಯವರೆಗೆ, ಹೆಚ್ಚಿಲ್ಲ ಕಡಿಮೆ ಇಲ್ಲ. "ಕಾವೇರಿ ನೀರು ಕುಡ್ದು ಊರೇ ಬೆಳ್ದದೆ. ಇವ್ರಿಗೆ ಮಾತ್ರ ಬಾಟ್ಲಿ ನೀರು. ಇರ್ಲಿ ಬುಡು, ಮನೆಗೆ ಬಂದೋರು," ಎಂದು ಗೊಣಗುತ್ತಲೇ ಗೆರೆ ನೋಡಿ ತುಂಬುತ್ತಿದ್ದಳು. ಒಂದು ಮಾತ್ರ ಅವಳ ಮನಸ್ಸಿಗೆ ಒಗ್ಗಿರಲಿಲ್ಲ. ಬೀಗರನ್ನು ಯಾವಾಗಲೂ ಮಗುವಿನ ಕುತ್ತಿಗೆಗಿಂತ ಕೆಳಗೆ ಕೂರಿಸಬೇಕು ಎಂದು ವೀಣ ಕಟ್ಟುನಿಟ್ಟು ಮಾಡಿದ್ದಳು. ಹಾಗಾಗಿ ಮಗು ಮಂಚದ ಮೇಲೆ, ಬೀಗರು ನೆಲದಲ್ಲಿ ಒಂದು ಊಟದ ಮಣೆಯ ಮೇಲೆ. ಮರ್ಯಾದಸ್ಥರ ಮನೆಯಲ್ಲಿ ಹೀಗುಂಟೇ?

ಶೋಭಿತಾಗೆ ಸದ್ಯಕ್ಕೆ ಮಾತು ಹೊರಡದು, ತುಟಿ ಅಲ್ಲಾಡುತ್ತದೆ ಅಷ್ಟೆ. ಚಿಕ್ಕಮಾದಮ್ಮ ಕೊಟ್ಟಿಗೆಗೆ ಹೋಗಿ ಎತ್ತಿನ ಕೊರಳಿನ ಗಂಟೆ ಬಿಚ್ಚಿ ತಂದು ಮಂಚದ ಕಾಲಿಗೆ ದಾರದಲ್ಲಿ ಕಟ್ಟಿದಳು. ಒಂದು ಸಲ ಎಳೆದರೆ ಕಫ ಬಂದಿದೆ ಎಂದು. ಎರಡು ಸಲಕ್ಕೆ ಬಾಯಾರಿಕೆ. ಮೂರಕ್ಕೆ, ಕೆಲಸವೇನಿಲ್ಲ, ಸುಮ್ಮನೆ ಬಾ. ನಾಲ್ಕನೆಯದನ್ನು ಮಗು ತಾನೇ ಸೇರಿಸಿಕೊಂಡಿತು: ಅಜ್ಜಿ ಸುಳ್ಳು ಹೇಳುತ್ತಿದ್ದಾಳೆ. "ಒಂದೇ ಒಂದು ಒಬ್ಬಟ್ಟು ತಿಂದೆ ಕಣಮ್ಮಿ" ಎಂದು ಸಕ್ಕರೆ ಕಾಯಿಲೆಯ ಚಿಕ್ಕಮಾದಮ್ಮ ಸೊಸೆಗೆ ಹೇಳುವಾಗ ಒಳಗಿನಿಂದ ಠಣ್ ಠಣ್ ಠಣ್ ಠಣ್. ಎತ್ತಿನ ಗಂಟೆ ತಂದು ಕಟ್ಟಿ ನನ್ನ ಕೊರಳಿಗೇ ತಂದುಕೊಂಡೆ ಎಂದು ಅವಳು ಹಲುಬಿದ್ದುಂಟು.

ಆ ವಾರ ಆಯುಧಪೂಜೆ ಬಂತು. ಮಗ ಶಿವರಾಮು ಟ್ರ್ಯಾಕ್ಟರು ತೊಳೆದು ಬಾಳೆಕಂದು ಕಟ್ಟಿದ. ಕುಡುಗೋಲು, ಗುದ್ದಲಿ, ಮಿಕ್ಸಿ, ಹೊಲಿಗೆ ಮಿಷನ್ನು, ಎಲ್ಲಕ್ಕೂ ಕುಂಕುಮ ಬಿತ್ತು. ಚಿಕ್ಕಮಾದಮ್ಮನ ಕಣ್ಣು ಮಣೆಯ ಕಡೆ ಹೋಯಿತು. ಟ್ರ್ಯಾಕ್ಟರು ವರ್ಷದಲ್ಲಿ ನಾಲ್ಕು ತಿಂಗಳು ದುಡಿದರೆ ಹೆಚ್ಚು. ಈ ಬೀಗರು ಮಗು ಮಲಗಿದಷ್ಟು ಹೊತ್ತೂ ದುಡಿಯುತ್ತಾರೆ. ಇವರಿಗೆ ಪೂಜೆ ಇಲ್ಲವೆಂದರೆ ದೇವರು ಮೆಚ್ಚುತ್ತಾನೆಯೇ? ಪೂಜೆಗೆ ಕೂತವರನ್ನು ನೆಲದಲ್ಲಿ ಕೂರಿಸುವುದಂತೂ ಆಗದ ಮಾತು. ವೀಣ ಸ್ನಾನಕ್ಕೆ ಹೋಗಿದ್ದಳು. ಚಿಕ್ಕಮಾದಮ್ಮ ಯಂತ್ರವನ್ನು ಎರಡೂ ಕೈಯಲ್ಲಿ ಎತ್ತಿ, ಮಂಚದ ಪಕ್ಕ, ಅದಕ್ಕಿಂತ ಎತ್ತರವಿದ್ದ ಟ್ರಂಕಿನ ಮೇಲೆ ಪಟ್ಟಗಟ್ಟಿ ಕೂರಿಸಿದಳು. ಮಗುವಿಗೆ ಹೊಗೆ ಆಗದೆಂದು ಊದುಬತ್ತಿ ಹಚ್ಚಲಿಲ್ಲ, ಅಷ್ಟು ಬುದ್ಧಿ ಇತ್ತು. ಸೇವಂತಿಗೆ ಏರಿಸಿದಳು, ಕುಂಕುಮ ಇಟ್ಟಳು, ಕೈಮುಗಿದಳು.

ಪೈಪಿನೊಳಗೆ ಗೊಳಗೊಳ ಸದ್ದಾಯಿತು. ಹಬೆ ತಣಿದು ಪೈಪಿನಲ್ಲಿ ನಿಂತಿದ್ದ ನೀರು ಇಳಿಜಾರು ಸಿಕ್ಕಿದ್ದೇ ತಡ, ಮಗುವಿನ ಕಡೆ ಹರಿಯಿತು. ಶೋಭಿತಾ ಕೆಮ್ಮಿತು. ಮತ್ತೆ ಕೆಮ್ಮಿತು, ಮುಖ ಕೆಂಪಾಯಿತು. ಗಂಟೆ ಒಂದು ಸಲ ಹೊಡೆಯಿತು.

ನೀರು ಇಳಿಜಾರು ಹಿಡಿಯುತ್ತದೆಂದು ಆಯುಸ್ಸೆಲ್ಲ ಗದ್ದೆಗೆ ನೀರು ಕಟ್ಟಿದ ಚಿಕ್ಕಮಾದಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೊದಲು ಕುತ್ತಿಗೆಯ ಮಾಸ್ಕು ತೆಗೆದಳು. ಯಂತ್ರವನ್ನು ಮಣೆಗೆ ಇಳಿಸಿದಳು. ಕೈ ತೊಳೆದು, ಕಫ ಎಳೆಯುವ ಮಿಷನ್ನಿನ ಸಣ್ಣ ಕೊಳವೆಯನ್ನು ಕುತ್ತಿಗೆಯ ನಳಿಕೆಯೊಳಗೆ ಹಾಕಿ ನೀರು ಎಳೆದಳು. ಪೈಪಿನ ನೀರನ್ನು ಬಕೆಟ್ಟಿಗೆ ಸುರಿದಳು. ಮಗುವಿನ ಉಸಿರು ಹದಕ್ಕೆ ಬಂದ ಮೇಲೆ ಮಾಸ್ಕು ಮತ್ತೆ ಹಾಕಿದಳು.

ವೀಣ ಒದ್ದೆ ತಲೆಯಲ್ಲೇ ಓಡಿಬಂದಳು. "ಏನಾಯ್ತು ಅತ್ತೆ? ಯಾಕೆ ಅಷ್ಟು ಕೆಮ್ಮು?"

"ಏನಿಲ್ಲ ಕಣವ್ವ. ಅಂಗೇ ಒಂಚೂರು ಕೆಮ್ಮು ಬಂತು."

ಠಣ್ ಠಣ್ ಠಣ್ ಠಣ್.

ವೀಣ ಮಗುವನ್ನು ನೋಡಿದಳು. ಟ್ರಂಕಿನ ಮೇಲೆ ಉದುರಿದ್ದ ಸೇವಂತಿಗೆ ನೋಡಿದಳು. ಮಣೆಯ ಮೇಲೆ ಕುಂಕುಮವಿಟ್ಟುಕೊಂಡು ಕೂತಿದ್ದ ಬೀಗರನ್ನೂ ನೋಡಿದಳು. ಇನ್ನು ಹೇಳದೆ ವಿಧಿಯಿರಲಿಲ್ಲ. ಚಿಕ್ಕಮಾದಮ್ಮ ನಡೆದದ್ದನ್ನೆಲ್ಲ ಹೇಳಿದಳು, ಒಂದಕ್ಷರ ಬಿಡದೆ. ಗಂಟೆ ಸುಮ್ಮನಿತ್ತು.

ವೀಣ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಂಜೆ ಅವಳು ನರ್ಸಮ್ಮನಿಗೆ ಫೋನಿನಲ್ಲಿ ಮೆಲ್ಲಗೆ ಏನೋ ಹೇಳುತ್ತಿದ್ದುದು ಚಿಕ್ಕಮಾದಮ್ಮನ ಕಿವಿಗೆ ಬಿತ್ತು. ಐದು ಮಕ್ಕಳ ಮಾತನ್ನು ಆಮೇಲೆ ಯಾರ ಮುಂದೆಯೂ ಎತ್ತಲಿಲ್ಲ.

ಶನಿವಾರ ನರ್ಸಮ್ಮ ರಂಜನಿ ಬಂದಳು. ಮೂವತ್ತೂ ತುಂಬದ ಹುಡುಗಿ, ನಗುಮುಖ. ಪಾತ್ರೆಗೆ ಯಾವ ನೀರು, ಕರೆಂಟು ಹೋದರೆ ಏನು ಮಾಡುತ್ತೀರಿ, ನಳಿಕೆ ಕಟ್ಟಿಕೊಂಡರೆ ಯಾರಿಗೆ ಫೋನು, ಎಲ್ಲ ಕೇಳಿದಳು. ಚಿಕ್ಕಮಾದಮ್ಮ ಮಾಡಿ ತೋರಿಸಿದಳು, ಬಾಯಲ್ಲೂ ಹೇಳಿದಳು. ಆಮೇಲೆ ಕಾಫಿ ಬಂತು. ರಂಜನಿ ಲೋಟ ಹಿಡಿದು, "ಈ ಮಣೆ ಕಾಲಿಗೆ ಎಡವುತ್ತೆ ಅಜ್ಜಿ," ಎನ್ನುತ್ತಾ ಯಂತ್ರವನ್ನೆತ್ತಿ ಟೇಬಲ್ಲಿನ ಮೇಲಿಟ್ಟಳು. ಒಂದು ಕೈ ಮಾತ್ರ ಪೈಪನ್ನು ಮಡಿಸಿ ಹಿಡಿದೇ ಇತ್ತು. "ನಿಮ್ಗೆ ಎಷ್ಟು ಜನ ಮಕ್ಳು?"

ಎಂಥ ಪ್ರಶ್ನೆ. ವರ್ಷಗಟ್ಟಲೆ ಕಾದರೂ ಸಿಗದ ಪ್ರಶ್ನೆ. ಆದರೆ ಚಿಕ್ಕಮಾದಮ್ಮ ಉತ್ತರ ಕೊಡಲಿಲ್ಲ. ಎದ್ದು ಬಂದು, ನರ್ಸಮ್ಮನನ್ನು ಮೊಣಕೈಯಲ್ಲಿ ಸರಿಸಿ, ಮಗುವಿನ ಮಾಸ್ಕು ತೆಗೆದು, ಬೀಗರನ್ನೆತ್ತಿ ಮಣೆಯ ಮೇಲೆ ಕೂರಿಸಿದಳು.

"ನೀವು ಓದ್ದೋರು, ಬೇಜಾರು ಮಾಡ್ಕಬ್ಯಾಡಿ ಸಿಸ್ಟ್ರೆ. ಬೀಗ್ರು ಎಷ್ಟೇ ದೊಡ್ಡೋರಾದ್ರೂ ಈ ಮನೇಲಿ ಅವ್ರು ಕೆಳ್ಗೇ. ಕೂಸು ಮೇಲೆ," ಅಂದಳು. ಪೈಪಿನ ನೀರು ಬಕೆಟ್ಟಿಗೆ ಸುರಿದು ಮಾಸ್ಕು ಹಾಕಿದಳು.

"ನಾನು ಬೇಕಂತಲೇ ಇಟ್ಟೆ ಅಜ್ಜಿ, ಮಗು ಕಡೆ ನೀರು ಹೋಗದಂಗೆ ಪೈಪು ಮಡಿಸಿ ಹಿಡ್ದಿದ್ದೆ," ರಂಜನಿ ನಕ್ಕಳು. "ವೀಣ ಅವ್ರು ಫೋನಲ್ಲಿ ಎಲ್ಲಾ ಹೇಳಿದ್ರು. ನನ್ನ ಲೆಕ್ಕದಲ್ಲಿ ನೀವು ಪಾಸು. ಇನ್ನು ಅವ್ರಿಷ್ಟ."

ಆ ಇಷ್ಟವೇ ಭಾನುವಾರವೆಲ್ಲ ತಿಳಿಯಲಿಲ್ಲ. ಸೋಮವಾರ ಬೆಳಿಗ್ಗೆ ವೀಣ ಸೀರೆಯುಟ್ಟು, ಬ್ಯಾಗು ಹೆಗಲಿಗೇರಿಸಿ ಹೊಸ್ತಿಲಿನ ಹತ್ತಿರ ನಿಂತಳು. ಬ್ಯಾಗಿನಲ್ಲಿ ಬುತ್ತಿಯೂ ಇತ್ತು, ಆ ಕಾಗದವೂ ಇತ್ತು. ದೂರದಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಅವಳ ಕಾಲು ಮುಂದಕ್ಕೆ ಬರಲಿಲ್ಲ.

"ಅತ್ತೆ, ಒಬ್ರೇ ಇರ್ಬೇಕಲ್ಲ. ಭಯ ಆಗಲ್ವಾ?"

ಚಿಕ್ಕಮಾದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದೆ ಸೆಟೆಸಿದಳು. "ನಂಗೇನ್ ಭಯ? ನೀನು ಓಗವ್ವ, ಬಸ್ಸು ಬತ್ತಾ ಅದೆ."

ಒಳಗಿನಿಂದ ಠಣ್ ಠಣ್ ಠಣ್ ಠಣ್.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿಕ್ಕಮಾದಮ್ಮ ಕಣ್ಣು ಕೆಳಗೆ ಹಾಕಿದಳು. "ಭಯ ಆಯ್ತದೆ ಕಣಮ್ಮಿ," ಅಂದಳು ಮೆಲ್ಲಗೆ. "ಆ ಅಬ್ಬದ ದಿನದಿಂದ ಗಳಿಗೆಗೊಂದ್ ಸಲ ಆ ಮಣೆ ನೋಡ್ತೀನಿ."

ವೀಣಳಿಗೆ ನಗು ಬಂತು, ಕಣ್ಣೂ ತುಂಬಿತು. ಬ್ಯಾಗಿಗೆ ಕೈಹಾಕಿ ಆ ಕಾಗದ ತೆಗೆದು, ನಾಲ್ಕು ಚೂರು ಮಾಡಿ ಅತ್ತೆಯ ಕೈಗೆ ಕೊಟ್ಟಳು.

"ನಿಮ್ಗೆ ಭಯ ಇಲ್ದೇ ಇದ್ದಿದ್ರೆ ನಾನು ಹೋಗ್ತಿರ್ಲಿಲ್ಲ ಅತ್ತೆ. ಬರ್ತೀನಿ," ಎಂದು ಚಪ್ಪಲಿ ಮೆಟ್ಟಿ ಬಸ್ಸಿಗೆ ಓಡಿದಳು.

ಒಳಗೆ ಗಂಟೆ ಒಂದು ಸಲ ಹೊಡೆಯಿತು. ಚಿಕ್ಕಮಾದಮ್ಮ ಕಾಗದದ ಚೂರುಗಳನ್ನು ಒಲೆಗೆ ಹಾಕಿ, ಕೈ ತೊಳೆಯಲು ಹೋದಳು.