ಹೂಬರ್ಟನಿಗೆ ಹೇಳದ ಸುದ್ದಿ

ಬಸ್ಸಿನಿಂದ ಇಳಿದವರು ಎಲ್ಲಕ್ಕಿಂತ ಮೊದಲು ಕೇಳಿದ್ದು ಶೌಚಾಲಯ ಎಲ್ಲಿದೆ ಎಂದು. ಎಂಟು ಶತಮಾನ ಕಂಡ ಊರು, ಎರಡು ಮಹಾಯುದ್ಧಗಳನ್ನು ಜೀರ್ಣಿಸಿಕೊಂಡ ಊರು. ಇರಲಿ, ಬಂದವರ ಅವಸರ ಬಂದವರಿಗೆ. ಹೆಡ್ವಿಗ್ ಪೆಶ್ ಚರ್ಚಿನ ಹಿಂಬದಿಗೆ ಕೈ ತೋರಿಸಿ, ಲಿಂಡನ್ ಮರದ ಕೆಳಗೆ ಕಾಯುತ್ತ ನಿಂತಳು.

ಎರ್ಲೆನ್‌ರಾತ್ ಊರಿನ ಚರಿತ್ರೆಯನ್ನು ಅವಳಷ್ಟು ಬಲ್ಲವರು ಇರಲಿಲ್ಲ. ಅಂಚೆ ಕಚೇರಿಯ ಕೆಲಸದಿಂದ ನಿವೃತ್ತಳಾದ ಮೇಲೆ ಭಾನುವಾರ ಭಾನುವಾರ ಹೊರಗಿನವರಿಗೆ ಊರು ತೋರಿಸುವುದೇ ಅವಳ ಕೆಲಸ. ಆದರೆ ಇವತ್ತು ಅವಳ ಮನಸ್ಸು ಚರಿತ್ರೆಯಲ್ಲಿ ಇರಲಿಲ್ಲ. ಬಸ್ಸಿನಲ್ಲಿ ಬಂದವರ ಜೊತೆ ಪುರಸಭೆಯ ಸ್ಮಶಾನ ವಿಭಾಗದ ಯುವ ಅಧಿಕಾರಿ ಫ್ರಾವ್ ಲಿಂಡ್ಲಾರ್ ಕೂಡ ಇಳಿದಿದ್ದಳು. ಹೆಡ್ವಿಗ್‌ಳ ತೀರಿಕೊಂಡ ಗಂಡ ಹೂಬರ್ಟನನ್ನು ಈ ಊರಿನ ಮಣ್ಣಿಗೆ ವಾಪಸು ತರಬಹುದೋ ಇಲ್ಲವೋ ಎಂಬ ಉತ್ತರ ಆ ಹುಡುಗಿಯ ಬಾಯಲ್ಲಿತ್ತು.

"ಮೊದಲು ನಿಮ್ಮ ಜೊತೆ ಊರು ನೋಡ್ತೀನಿ ಫ್ರಾವ್ ಪೆಶ್. ತುಂಬಾ ಕೇಳಿದ್ದೀನಿ ನಿಮ್ಮ ಬಗ್ಗೆ. ನಮ್ಮ ವಿಷಯ ಕೊನೇಲಿ ಮಾತಾಡೋಣ," ಎಂದು ಅವಳು ಕೈ ಕುಲುಕಿದಳು. ನಗುತ್ತಿದ್ದಳು. ಇಲ್ಲ ಅನ್ನಲು ಬಂದವರು ಇಷ್ಟು ಚೆನ್ನಾಗಿ ನಗುತ್ತಾರೆಯೇ? ಹೆಡ್ವಿಗ್‌ಗೆ ಆಸೆ ಚಿಗುರಿತು. ಆಸೆಗೆ ನಾಚಿಕೆ ಎಂಬುದಿಲ್ಲ.

ನಡೆದದ್ದು ಇಷ್ಟು. ಊರಿನ ಕೆಳಗೆ ಕಲ್ಲಿದ್ದಲು ಇದೆ, ತೆರೆದ ಗಣಿ ಇತ್ತಲೇ ಬರುತ್ತದೆ, ಎಲ್ಲರೂ ಎದ್ದು ಹೋಗಬೇಕು ಎಂದು ಸರ್ಕಾರ ಹೇಳಿತು. ಬಯಲಿನಲ್ಲಿ ಹೊಸ ಎರ್ಲೆನ್‌ರಾತ್ ಕಟ್ಟಿಕೊಟ್ಟರು. ಜನ ಹೋದರು. ಸತ್ತವರನ್ನೂ ಅಗೆದು ಕರೆದುಕೊಂಡು ಹೋದರು. ಹತ್ತರಲ್ಲಿ ಒಂಬತ್ತು ಮನೆ ಖಾಲಿಯಾದ ಮೇಲೆ ಸರ್ಕಾರ ಮನಸ್ಸು ಬದಲಾಯಿಸಿತು. ಕಲ್ಲಿದ್ದಲು ಸಾಕು, ಊರು ಉಳಿಯಲಿ ಎಂದಿತು. ಗಣಿ ಮೂರು ಹೊಲದಾಚೆ ಬಾಯಿ ತೆರೆದುಕೊಂಡು ನಿಂತುಬಿಟ್ಟಿತು. ಪತ್ರಿಕೆಗಳು ಊರು ಗೆದ್ದಿತು ಎಂದು ಬರೆದವು. ಗೆದ್ದ ಊರಿನಲ್ಲಿ ದೀಪ ಹಚ್ಚುವವರು ಮಾತ್ರ ಇರಲಿಲ್ಲ.

ಎಲ್ಲರೂ ಸೇರಿದ ಮೇಲೆ ಹೆಡ್ವಿಗ್ ಶುರು ಮಾಡಿದಳು. ಪ್ಲೇಗಿನ ವರ್ಷ ನೆಟ್ಟ ಶಿಲುಬೆ ಇದ್ದ ಜಾಗ ತೋರಿಸಿದಳು. ಶಿಲುಬೆ ಈಗ ಹೊಸ ಊರಿನಲ್ಲಿ, ಖಾಲಿ ಬಾಟಲಿ ಎಸೆಯುವ ಡಬ್ಬಿಗಳ ಪಕ್ಕ ಇದೆ. ಚರ್ಚಿನ ಬಾಗಿಲು ತೋರಿಸಿದಳು. ಪಾದ್ರಿ ಕೊನೆಯ ಪೂಜೆ ಮಾಡಿ, ಆರದ ದೀಪವನ್ನು ಆರಿಸಿ, ಬೀಗ ಜಡಿದು ಹೋದ ಬಾಗಿಲು ಅದು. ಕಂದಕದ ನಡುವಿನ ಹಳೆಯ ಕೋಟೆಮನೆ ತೋರಿಸಿದಳು. ಬಾತುಕೋಳಿಗಳು ಮಾತ್ರ ಊರು ಬಿಟ್ಟಿರಲಿಲ್ಲ. ಜನ ಫೋಟೊ ತೆಗೆದರು. ಬಾಗಿಲಿಗೆ ಹಲಗೆ ಹೊಡೆದ ಮನೆಗಳೇ ಅವರಿಗೆ ಹೆಚ್ಚು ಇಷ್ಟವಾದವು.

"ಅಯ್ಯೋ, ಎಷ್ಟು ಚೆನ್ನಾಗಿದೆ ಈ ಹಾಳು!" ಎಂದಳು ಒಬ್ಬಳು, ಹಸಿರು ಕದದ ಮನೆಯೊಂದರ ಮುಂದೆ ನಿಂತು.

ಅದು ಹೆಡ್ವಿಗ್‌ಳ ಮನೆ. ಹೂಬರ್ಟ್ ತಾನೇ ಬಳಿದ ಹಸಿರು. ಅವಳು ಹಾಗೆಂದು ಹೇಳಲಿಲ್ಲ. "ಇದು ಸುಮಾರು ನೂರೈವತ್ತು ವರ್ಷದ್ದು, ಬನ್ನಿ," ಎಂದು ಮುಂದೆ ನಡೆದಳು.

ಎದುರು ಮನೆಯ ಬೆಂಚಿನ ಮೇಲೆ ಅವಳ ತಂಗಿ ಟ್ರೂಡೆ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಸಹಿ ಹಾಕದೆ, ಮನೆ ಮಾರದೆ, ಕೊನೆಯವರೆಗೂ ಹಟ ಹಿಡಿದು ಕೂತ ನಾಲ್ಕಾರು ಜನರಲ್ಲಿ ಅವಳೊಬ್ಬಳು. ಬಸ್ಸು ಬಂದ ದಿನವೆಲ್ಲ ಅವಳಿಗೆ ಬೆಂಚಿನ ಕೆಲಸವೇ ಇರುತ್ತಿತ್ತು.

"ಕೇಳ್ಕೊಳ್ರಪ್ಪಾ, ಚೆನ್ನಾಗಿ ಕೇಳ್ಕೊಳ್ಳಿ!" ಎಂದು ಅವಳು ಚಾಕು ಎತ್ತಿ ಕೂಗಿದಳು. "ಊರಿನ ಚರಿತ್ರೆ ಹೇಳ್ತಿರೋಳೇ ಊರು ಬಿಟ್ಟು ಮೊದಲು ಓಡಿದೋಳು!"

ಜನ ನಕ್ಕರು. ಊರ ಕಡೆಯ ಹಾಸ್ಯ ಎಂದುಕೊಂಡರು.

"ನಾನು ಓಡಲಿಲ್ಲ ಟ್ರೂಡೆ. ಬಸ್ಸಲ್ಲಿ ಹೋದೆ."

"ಹೌದು ಹೌದು, ಗಂಡನ್ನ ಡಬ್ಬೀಲಿ ಹಾಕ್ಕೊಂಡು!"

ಆಗ ಯಾರೂ ನಗಲಿಲ್ಲ. ಟ್ರೂಡೆಗೂ ಮಾತು ಹೆಚ್ಚಾಯಿತು ಅನ್ನಿಸಿರಬೇಕು, ತಲೆ ತಗ್ಗಿಸಿ ಮತ್ತೆ ಆಲೂಗಡ್ಡೆಗೆ ಕೈ ಹಾಕಿದಳು.

ಓಡಿದ್ದಲ್ಲ, ನಿಜ. ಹೆಡ್ವಿಗ್ ಮಾಡಿದ್ದು ಅದಕ್ಕಿಂತ ಕೆಟ್ಟದ್ದು, ಅಚ್ಚುಕಟ್ಟಾಗಿ ಮಾಡಿದ್ದು. ಹೇಗೂ ಹೋಗಲೇಬೇಕು ಎಂದ ಮೇಲೆ ಗೋಳಾಡುವುದೇಕೆ, ಸರಿಯಾದ ಕ್ರಮದಲ್ಲಿ ಹೋಗೋಣ ಎಂದು ಊರಿಗೆಲ್ಲ ಬುದ್ಧಿ ಹೇಳಿದವಳು ಅವಳೇ. ಹೊಸ ಊರಿನ ನಕ್ಷೆ ಹಿಡಿದು ಮನೆ ಮನೆ ಸುತ್ತಿ, ಇಲ್ಲಿ ಪಕ್ಕದಲ್ಲಿದ್ದವರು ಅಲ್ಲೂ ಪಕ್ಕದಲ್ಲೇ ಇರುವಂತೆ ಹೊಂದಿಸಿದ್ದಳು. ಸ್ಮಶಾನಕ್ಕೂ ಹಾಗೆಯೇ. ಹೂಬರ್ಟನ ಎಡಕ್ಕೆ ಅವನ ಇಸ್ಪೀಟಿನ ಜೊತೆಗಾರ, ಬಲಕ್ಕೆ ಅವನು ಬದುಕಿಡೀ ಜಗಳವಾಡಿದ, ಕುದುರೆಗೆ ಜೀನು ಹೊಲಿಯುತ್ತಿದ್ದ ಜೀನುಗಾರ. ಒಬ್ಬರೂ ತಪ್ಪಬಾರದು. ಹೊಸ ಜಾಗದಲ್ಲಿ ಒಳ್ಳೆಯ ಸಾಲು ಸಿಗಲೆಂದು ಮೊದಲು ಸಹಿ ಹಾಕಿದವಳೂ ಅವಳೇ.

ಹೂಬರ್ಟ್ ಸಾಯುವ ಮುಂಚೆ ಹೇಳಿದ್ದ, "ನನ್ನನ್ನ ಇಲ್ಲೇ ಬಿಡು ಹೆಡ್ವಿಗ್. ಗಣಿಯೋರು ಬಂದ್ರೆ ಬರ್ಲಿ. ನಾನೇ ಮಾತಾಡ್ತೀನಿ ಅವರ ಹತ್ರ." ಅವಳು ನಕ್ಕು, ಹೂಂ ಎಂದಿದ್ದಳು. ಆ ಹೂಂ ಅನ್ನು ಅವಳು ಇನ್ನೂ ಮರೆತಿರಲಿಲ್ಲ. ಪರದೆ ಕಟ್ಟಿ, ಬಿಳಿ ಬಟ್ಟೆ ತೊಟ್ಟವರು ಅವನನ್ನು ತೆಗೆದು ಹೊಸ ಚಿಕ್ಕ ಪೆಟ್ಟಿಗೆಗೆ ತುಂಬುವಾಗ ಅವಳು ಹೊರಗೆ ನಿಂತು, ಕೆಲಸ ಎಷ್ಟು ಚೊಕ್ಕಟವಾಗಿ ನಡೆಯಿತು ಎಂದು ಪಾದ್ರಿಗೆ ಹೇಳಿದ್ದಳು. ಹೌದು, ಹಾಗೆಯೇ ಹೇಳಿದ್ದಳು.

ಊರು ಉಳಿಯಿತು ಎಂಬ ಸುದ್ದಿ ಬಂದ ದಿನದಿಂದ ಅವಳಿಗೆ ಒಂದೇ ಧ್ಯಾನ, ಅವನನ್ನು ವಾಪಸು ತರಬೇಕು. ವಾರವಾರ ಹೊಸ ಸ್ಮಶಾನಕ್ಕೆ ಹೋಗಿ ಗಿಡಗಳಿಗೆ ನೀರು ಹಾಕುತ್ತ ಅವನಿಗೆ ಎಲ್ಲವನ್ನೂ ಹೇಳುತ್ತಿದ್ದಳು. ಯಾರ ಮೊಣಕಾಲು ಹೋಯಿತು, ಯಾರ ಮಗಳು ಗಂಡನನ್ನು ಬಿಟ್ಟಳು, ಎಲ್ಲವನ್ನೂ. ಊರು ಉಳಿದ ಸುದ್ದಿಯೊಂದನ್ನು ಮಾತ್ರ ಹೇಳಿರಲಿಲ್ಲ. ಕರೆದುಕೊಂಡು ಹೋಗುವ ದಿನವೇ ಹೇಳುತ್ತೇನೆ ಎಂದು ಬಾಯಿ ಬಿಗಿಹಿಡಿದಿದ್ದಳು. ಅದಕ್ಕಾಗಿಯೇ ವರ್ಷಗಳ ಮೇಲೆ ಟ್ರೂಡೆಯ ಬಾಗಿಲು ತಟ್ಟಿದ್ದಳು. ಅಪ್ಪ ಅಮ್ಮನ ಗೋರಿಯನ್ನು ಟ್ರೂಡೆ ಕದಲಿಸಲು ಬಿಟ್ಟಿರಲಿಲ್ಲ. ಅಲ್ಲಿ ಇನ್ನೂ ಜಾಗವಿತ್ತು, ಹಕ್ಕು ಟ್ರೂಡೆಯದು.

ಟ್ರೂಡೆ ಬೇಕಾದಷ್ಟು ಬೈದಿದ್ದಳು. ಆಮೇಲೆ, "ತಗೊಂಡ್ ಬಾ ಅವನ್ನ. ಅಪ್ಪಂಗೆ ಅವನಂದ್ರೆ ಇಷ್ಟ ಇತ್ತು. ನೀನಂದ್ರೆ ಅಷ್ಟಕ್ಕಷ್ಟೆ," ಎಂದಿದ್ದಳು.

ಪ್ರವಾಸ ಸ್ಮಶಾನದಲ್ಲಿ ಮುಗಿಯುತ್ತಿತ್ತು. ಹುಲ್ಲಿನ ನಡುವೆ ಉಳಿದ ಗೋರಿಗಳು ಒಂದಿಷ್ಟು, ಮಿಕ್ಕದ್ದೆಲ್ಲ ಮಣ್ಣು ಕುಸಿದ ಗುಳಿಗಳು. ಜನ ಬಸ್ಸಿನ ಕಡೆ ತಿರುಗಿದ ಮೇಲೆ ಫ್ರಾವ್ ಲಿಂಡ್ಲಾರ್ ಹತ್ತಿರ ಬಂದಳು. ಈಗ ನಗುತ್ತಿರಲಿಲ್ಲ.

"ಕ್ಷಮಿಸಿ ಫ್ರಾವ್ ಪೆಶ್. ಆಗಲ್ಲ. ಮಣ್ಣಾದವರ ಶಾಂತಿ ಕದಡೋ ಹಾಗಿಲ್ಲ, ಕಾನೂನು."

"ಹೋದ ಸಲ ಕದಡಿದ್ರಲ್ಲ?"

"ಅದು ಸಾರ್ವಜನಿಕ ಹಿತಕ್ಕೆ. ಗಣಿ ಬರೋದಿತ್ತು."

"ಬರಲಿಲ್ಲ."

"ಗೊತ್ತು. ಆದ್ರೆ ಈಗ ನೀವು ಕೇಳ್ತಿರೋದು... ಹೇಗೆ ಹೇಳ್ಲಿ... ನಿಮ್ಮ ಸ್ವಂತ ಇಷ್ಟ ಅಂತ ಆಗುತ್ತೆ. ಅದು ಸಾಕಾಗಲ್ಲ. ನಾನು ಎಲ್ಲರ ಹತ್ರಾನೂ ಕೇಳಿದೆ, ನಂಬಿ."

"ಅಂದ್ರೆ ಅವನನ್ನ ಸುಮ್ಮನೆ ಎಬ್ಬಿಸಬಹುದು, ಮನೆಗೆ ಕರ್ಕೊಂಡು ಬರೋ ಹಾಗಿಲ್ಲ."

ಹುಡುಗಿ ನೆಲ ನೋಡಿದಳು. ಪಾಪ, ಅವಳ ತಪ್ಪಲ್ಲ. ಯಾರ ತಪ್ಪೂ ಅಲ್ಲ. ಎಲ್ಲರೂ ನಿಯಮದ ಪ್ರಕಾರವೇ ನಡೆದುಕೊಂಡಿದ್ದರು. ಹೆಡ್ವಿಗ್‌ಗೆ ಸಿಟ್ಟು ಬಂದದ್ದು ಅದಕ್ಕೇ. ಬೈಯಲು ಒಬ್ಬ ಕಳ್ಳನಾದರೂ ಸಿಗಬಾರದೇ?

ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಟ್ರೂಡೆ ಗೇಟಿನ ಹತ್ತಿರ ಬಂದು ನಿಂತಿದ್ದಳು. ಮುಖ ನೋಡಿಯೇ ಅವಳಿಗೆ ತಿಳಿಯಿತು.

"ನೀನಾದ್ರೂ ಬಾರೇ," ಎಂದಳು. "ನಿಂಗೆ ಜಾಗ ಇದ್ದೇ ಇದೆ. ಅಮ್ಮನ ಪಕ್ಕ."

"ಅವನನ್ನ ಅಲ್ಲಿ ಒಬ್ಬನೇ ಬಿಟ್ಟಾ?"

"ಒಬ್ಬನೇ ಎಲ್ಲಿ? ನೀನೇ ನಕ್ಷೆ ಬರೆದು ಅಕ್ಕಪಕ್ಕ ಜನ ಕೂರಿಸಿದ್ದೀಯಲ್ಲ."

ಟ್ರೂಡೆ ಚುಚ್ಚಲು ಹೇಳಿದ್ದಲ್ಲ. ಸಮಾಧಾನಕ್ಕೆಂದೇ ಹೇಳಿದಳು. ಹೆಡ್ವಿಗ್ ತಂಗಿಯ ಭುಜ ಹಿಡಿದು ನಿಂತಳು. ಎಷ್ಟೋ ವರ್ಷಗಳ ಮೇಲೆ ಮುಟ್ಟಿದ ಭುಜ, ಹಕ್ಕಿಯದರಂತೆ ಸಣ್ಣಗಾಗಿತ್ತು.

"ಬರಲ್ಲ ಟ್ರೂಡೆ," ಎಂದಳು. "ಅಲ್ಲಿಗೆ ಕರ್ಕೊಂಡು ಹೋದೋಳು ನಾನು. ನಾನೇ ಅವನ ಜೊತೆ ಇರಬೇಕು."

ಬಸ್ಸಿನವರು ಅವಳನ್ನು ಹೊಸ ಊರಿನ ಸ್ಮಶಾನದ ಬಳಿ ಇಳಿಸಿದರು. ಕೊನೆಯಲ್ಲಿ ಯಾರೋ, "ನೀವು ಯಾವ ಊರಿನವರು?" ಎಂದು ಕೇಳಿದ್ದರು. ಅವಳು ಉತ್ತರ ಹುಡುಕುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು.

ಹೊಸ ಸ್ಮಶಾನದಲ್ಲಿ ಸಾಲುಗಳೆಲ್ಲ ನೇರ, ಜಲ್ಲಿಯೆಲ್ಲ ಬಿಳುಪು. ನೆಟ್ಟ ಮರಗಳು ಇನ್ನೂ ಕೋಲಿನ ಆಸರೆಯಲ್ಲಿ ನಿಂತಿದ್ದವು. ಅವಳು ಹಸಿರು ಕ್ಯಾನಿಗೆ ನೀರು ಹಿಡಿದುಕೊಂಡು ಬಂದು ಹೂಬರ್ಟನ ಬಿಗೋನಿಯ ಗಿಡಗಳಿಗೆ ಹಾಕಿದಳು. ಒಣಗಿದ ಎಲೆ ಕಿತ್ತಳು. ಇಸ್ಪೀಟಿನ ಜೊತೆಗಾರನಿಗೆ ಒಂದಿಷ್ಟು ಹಾಕಿದಳು, ಅವನ ಮಕ್ಕಳು ಬರುವುದಿಲ್ಲ. ಜೀನುಗಾರನಿಗೂ ಹಾಕಿದಳು.

ಇಡೀ ಜಿಲ್ಲೆಗೆ ಆ ಊರಿನ ಕಥೆಯನ್ನು ಸರಿಯಾಗಿ ಹೇಳಬಲ್ಲವಳು ಅವಳೊಬ್ಬಳೇ. ಯಾವ ಕಲ್ಲು ಯಾವ ವರ್ಷದ್ದು ಎಂಬುದರಲ್ಲಿ ಅವಳು ಒಮ್ಮೆಯೂ ಸುಳ್ಳು ಹೇಳಿದವಳಲ್ಲ.

"ಹೂಬರ್ಟ್," ಎಂದಳು ಬಗ್ಗಿ. "ಇವತ್ತು ಹಳೇ ಊರಿನ ಕಡೆ ಹೋಗಿದ್ದೆ. ಎಲ್ಲಾ ಅಗೆದುಹಾಕಿದ್ದಾರೆ. ಚರ್ಚು, ಲಿಂಡನ್ ಮರ, ನಮ್ಮನೆ, ನಿನ್ನ ಹಸಿರು ಬಾಗಿಲು, ಒಂದೂ ಇಲ್ಲ. ಬರೀ ಗುಂಡಿ." ಅವಳು ಕಲ್ಲಿನ ಮೇಲೆ ಬಿದ್ದಿದ್ದ ಮಣ್ಣನ್ನು ಅಂಗೈಯಿಂದ ಒರೆಸಿದಳು. "ನಾವು ಬಂದಿದ್ದೇ ಒಳ್ಳೇದಾಯ್ತು ಕಣೋ."